ಉಬ್ಬಸವನ್ನು ಕೆರಳಿಸುವುದು ಯಾವ ಧೂಳು? ಅಲರ್ಜಿ ಪರೀಕ್ಷೆಗಳ ಅರ್ಥ ಮತ್ತು ಮಿತಿ



ಉಬ್ಬಸದ ರೋಗಿಗಳು ಈಚಿನ ವರ್ಷಗಳಲ್ಲಿ ಚಿಕಿತ್ಸಾಲಯಕ್ಕೆ ಬರುವಾಗ ಹಳೆಯ ಔಷಧಚೀಟಿಗಳ ಜೊತೆಗೆ ಇನ್ನೊಂದು ಕಾಗದವನ್ನೂ ತರುತ್ತಾರೆ. ಅದು ಅಲರ್ಜಿ ಪರೀಕ್ಷೆಯ ವರದಿ. ಧೂಳಿನ ನುಸಿ, ಜಿರಳೆ, ಪಾರ್ಥೇನಿಯಂ, ಬಳ್ಳಾರಿ ಜಾಲಿ, ಬೂಷ್ಟು, ಹಾಲು, ಕಡಲೆಕಾಯಿ ಎಂದು ಉದ್ದನೆಯ ಪಟ್ಟಿ. ಒಂದೊಂದರ ಮುಂದೆ ಒಂದೊಂದು ಅಂಕಿ. "ಇವಿಷ್ಟೂ ನನಗೆ ಆಗದ ಪದಾರ್ಥಗಳಂತೆ, ಇನ್ನು ಬದುಕುವುದು ಹೇಗೆ ಸ್ವಾಮಿ?" ಎಂದು ಕೇಳುವವರ ಮುಖದಲ್ಲಿ ರೋಗದ ಆಯಾಸಕ್ಕಿಂತ ಆ ಪಟ್ಟಿಯ ಭಯವೇ ಹೆಚ್ಚಾಗಿ ಕಾಣುತ್ತದೆ.

ಹೊಸದುರ್ಗ ತಾಲ್ಲೂಕಿನ ಒಂದು ರೈತ ಕುಟುಂಬದ ಸಂಗತಿಯನ್ನು ಹೇಳುತ್ತೇನೆ. ಅವರ 9 ವರ್ಷದ ಮಗನಿಗೆ ಉಬ್ಬಸವಿತ್ತು. ದೂರದ ನಗರವೊಂದರಲ್ಲಿ ಪರೀಕ್ಷೆ ಮಾಡಿಸಿದಾಗ ಹನ್ನೊಂದು ಪದಾರ್ಥಗಳಿಗೆ ಅಲರ್ಜಿ ಇದೆಯೆಂದು ವರದಿ ಬಂತು. ಪಟ್ಟಿಯಲ್ಲಿ ಹಾಲೂ ಇತ್ತು, ಕಡಲೆಕಾಯಿಯೂ ಇತ್ತು. ತಂದೆತಾಯಿಗಳು ಮನೆಯ ಹಸುವನ್ನು ಮಾರಿದರು. ಮಗುವಿಗೆ ಹಾಲು, ಮೊಸರು, ಚಟ್ನಿ ಎಲ್ಲವನ್ನೂ ನಿಲ್ಲಿಸಿದರು. ಕಾರಣವೇ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಪ್ರತಿನಿತ್ಯ ಸೇದಿಸುತ್ತಿದ್ದ ಇನ್‌ಹೇಲರನ್ನೂ ನಿಲ್ಲಿಸಿದರು. ಎರಡು ತಿಂಗಳಲ್ಲಿ ಮಗು ಸೊರಗಿತು. ಕಾರ್ತಿಕ ಮಾಸದ ಒಂದು ರಾತ್ರಿ ತುಟಿ ನೀಲಿಗಟ್ಟಿದ ಸ್ಥಿತಿಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಾಲು ಕುಡಿದಾಗ ಅವನಿಗೆ ಎಂದಾದರೂ ಉಬ್ಬಸ ಬಂದಿತ್ತೇ ಎಂದು ಅನಂತರ ವಿಚಾರಿಸಿದೆ. ಒಮ್ಮೆಯೂ ಬಂದಿರಲಿಲ್ಲ. ಆ ವರದಿ ಸುಳ್ಳು ವರದಿಯಲ್ಲ; ಅದನ್ನು ಓದಿದ ಕ್ರಮ ಮಾತ್ರ ಸರಿಯಿರಲಿಲ್ಲ. ಇಂದು ಆ ಹುಡುಗ ಹಾಲು ಕುಡಿಯುತ್ತಾನೆ, ಇನ್‌ಹೇಲರನ್ನೂ ಸೇದುತ್ತಾನೆ, ಶಾಲೆಯ ಕೊಕ್ಕೊ ತಂಡದಲ್ಲಿಯೂ ಇದ್ದಾನೆ. ಹಸು ಮಾತ್ರ ಹೋದದ್ದು ಹೋಯಿತು.

ಆದುದರಿಂದ ಈ ಪರೀಕ್ಷೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸಾವಧಾನವಾಗಿ ತಿಳಿದುಕೊಳ್ಳುವುದು ಅವಶ್ಯ.

ಎರಡು ಬಗೆಯ ಸೂಕ್ಷ್ಮತೆ

ನಮ್ಮ ಶ್ವಾಸನಾಳಗಳ ಸುತ್ತ ಸಣ್ಣ ಸ್ನಾಯುಗಳಿವೆ. ಉಬ್ಬಸದ ರೋಗಿಯಲ್ಲಿ ಈ ನಾಳಗಳ ಒಳಪದರವು ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಅಂಥ ನಾಳಕ್ಕೆ ಯಾವುದಾದರೂ ಕೆರಳಿಕೆ ತಗುಲಿದೊಡನೆ ಸ್ನಾಯು ಬಿಗಿಯುತ್ತದೆ, ಒಳಪದರ ಇನ್ನಷ್ಟು ಊದುತ್ತದೆ, ಕಫ ಒಸರುತ್ತದೆ. ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟವಾಗುತ್ತದೆ. ಎದೆಯಲ್ಲಿ ಕೇಳುವ ಸುಯ್ ಎಂಬ ಸದ್ದು ಆ ಇಕ್ಕಟ್ಟಿನ ಸದ್ದೇ.

ಈ ಕೆರಳಿಕೆ ಎರಡು ಬಗೆಯದು. ಮೊದಲನೆಯದು ಸಾಮಾನ್ಯ ಸೂಕ್ಷ್ಮತೆ. ಚಳಿಗಾಳಿ, ಒಲೆಯ ಹೊಗೆ, ಮೆಣಸಿನಕಾಯಿ ಹುರಿದ ಘಾಟು, ಓಟ, ಜೋರಾದ ನಗು ಇವುಗಳಲ್ಲಿ ಯಾವುದರಿಂದಲಾದರೂ ನಾಳ ಬಿಗಿಯಬಹುದು. ಇವು ಅಲರ್ಜಿಕಾರಕಗಳಲ್ಲ, ಕೇವಲ ಉದ್ರೇಕಕಾರಿಗಳು. ಭೀಮಸಮುದ್ರದ ದಾರಿಯಲ್ಲಿ ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳನ್ನು ಕುಡಿದು ಕೆಮ್ಮುವವರು ಪದೇ ಪದೇ "ನನಗೆ ಗಣಿಧೂಳಿನ ಅಲರ್ಜಿ" ಎನ್ನುತ್ತಾರೆ. ಅದು ಅಲರ್ಜಿಯಲ್ಲ. ಆ ಧೂಳು ಎಲ್ಲರ ಶ್ವಾಸನಾಳವನ್ನೂ ಕೆರಳಿಸುತ್ತದೆ, ಉಬ್ಬಸವಿದ್ದವರದನ್ನು ಹೆಚ್ಚು ಕೆರಳಿಸುತ್ತದೆ ಅಷ್ಟೆ. ಅದಕ್ಕೆ ಯಾವ ಅಲರ್ಜಿ ಪರೀಕ್ಷೆಯೂ ಬೇಕಿಲ್ಲ. ಬೇಕಾದದ್ದು ಲಾರಿಗೆ ಟಾರ್ಪಾಲು, ರಸ್ತೆಗೆ ನೀರು.

ಎರಡನೆಯದು ವಿಶಿಷ್ಟ ಸೂಕ್ಷ್ಮತೆ. ಇಲ್ಲಿ ಶರೀರವು ಒಂದು ನಿರ್ದಿಷ್ಟ ಪದಾರ್ಥವನ್ನು ವೈರಿಯೆಂದು ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಂಡಿರುತ್ತದೆ. ಆ ಪದಾರ್ಥ ಮತ್ತೆ ಉಸಿರಿನೊಡನೆ ಒಳಹೊಕ್ಕಾಗ ನಿಮಿಷಗಳಲ್ಲಿಯೇ ಹಿಸ್ಟಮಿನ್ ಮುಂತಾದ ದ್ರವ್ಯಗಳು ಬಿಡುಗಡೆಯಾಗುತ್ತವೆ. ಒಬ್ಬರಿಗೆ ಹೂವಿನ ಪರಾಗ, ಇನ್ನೊಬ್ಬರಿಗೆ ಹಾಸಿಗೆಯ ನುಸಿ, ಮತ್ತೊಬ್ಬರಿಗೆ ಬೆಕ್ಕು. ಪಕ್ಕದಲ್ಲಿ ಕುಳಿತವರಿಗೆ ಅದೇ ಪದಾರ್ಥದಿಂದ ಏನೂ ಆಗುವುದಿಲ್ಲ. ಅಲರ್ಜಿ ಪರೀಕ್ಷೆಗಳು ಹುಡುಕುವುದು ಈ ಎರಡನೆಯ ಬಗೆಯನ್ನು.

ನಮ್ಮ ಶಾಸ್ತ್ರಕ್ಕೆ ಈ ವಿಚಾರ ಅಪರಿಚಿತವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯದಲ್ಲಿ ಐದು ವಿಧದ ಶ್ವಾಸಗಳನ್ನು ಹೇಳಿ, ಅವುಗಳ ನಿದಾನಗಳಲ್ಲಿ ಧೂಳು, ಹೊಗೆ, ಗಾಳಿ, ಶೀತಸ್ಥಾನ, ಶೀತಜಲಗಳನ್ನು ಎಣಿಸಲಾಗಿದೆ. ತಮಕಶ್ವಾಸದ ರೋಗಿಗೆ ಕುಳಿತಾಗ ಸ್ವಲ್ಪ ನೆಮ್ಮದಿ, ಮೋಡ ಮಳೆ ಮೂಡಣಗಾಳಿಗಳಲ್ಲಿ ಉಲ್ಬಣ ಎಂಬ ವರ್ಣನೆಯೂ ಅಲ್ಲಿದೆ. ಲಕ್ಷಣಗಳು ಅಸ್ಪಷ್ಟವಾಗಿರುವ ವ್ಯಾಧಿಯನ್ನು ಉಪಶಯ ಮತ್ತು ಅನುಪಶಯಗಳಿಂದ, ಅಂದರೆ ಯಾವುದರಿಂದ ಸುಖ ಯಾವುದರಿಂದ ಉಲ್ಬಣ ಎಂಬುದನ್ನು ಗಮನಿಸಿ, ಗುರುತಿಸಬೇಕೆಂಬುದು ಆಯುರ್ವೇದದ ರೋಗಪರೀಕ್ಷಾ ಕ್ರಮ. ಆದರೆ ಪ್ರಾಚೀನರು ಪ್ರತಿಕಾಯವನ್ನು ಕಂಡಿದ್ದರೆಂದು ನಾನು ವಾದಿಸಲಾರೆ. ಅಂಥ ಮಾತುಗಳಿಂದ ಶಾಸ್ತ್ರದ ಗೌರವ ಹೆಚ್ಚುವುದಿಲ್ಲ. ರೋಗಿಯನ್ನು ಕೂಲಂಕಷವಾಗಿ ವಿಚಾರಿಸಿ ನಿದಾನವನ್ನು ಕಂಡುಹಿಡಿಯಬೇಕೆಂಬ ಅವರ ಕ್ರಮವು ಇಂದಿನ ಯಂತ್ರಗಳ ಕಾಲದಲ್ಲಿಯೂ ಮೊದಲ ಸ್ಥಾನದಲ್ಲಿಯೇ ಇದೆ ಎಂದಷ್ಟೇ ಹೇಳಬಲ್ಲೆ.

ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ವೈದ್ಯ

ಪರಾಗಕ್ಕೂ ಶ್ವಾಸರೋಗಕ್ಕೂ ಇರುವ ಸಂಬಂಧವನ್ನು ಪ್ರಯೋಗದಿಂದ ತೋರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಅವರಿಗೇ ಬೇಸಿಗೆಯ ಶೀತ, ಸೀನು, ಉಬ್ಬಸಗಳಿದ್ದವು. ಹುಲ್ಲಿನ ಪರಾಗವನ್ನು ತಾವೇ ಮೂಸಿ ನೋಡಿದರು. ಚರ್ಮವನ್ನು ಗೀರಿ ಅದರ ಮೇಲೆ ಪರಾಗವನ್ನು ಹಚ್ಚಿಕೊಂಡು ಬಾವು ಏಳುವುದನ್ನು ದಾಖಲಿಸಿದರು. ಆಕಾಶದಲ್ಲಿ ಎಷ್ಟು ಎತ್ತರದವರೆಗೆ ಪರಾಗವಿದೆಯೆಂದು ತಿಳಿಯಲು ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದರು. 1873ರಲ್ಲಿ ಈ ಪ್ರಯೋಗಗಳ ಗ್ರಂಥವನ್ನು ಪ್ರಕಟಿಸಿದರು. ಅಲರ್ಜಿ ಎಂಬ ಶಬ್ದವೇ ಆಗ ಇರಲಿಲ್ಲ. ಅದನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದರು. ಐಜಿಇ ಪ್ರತಿಕಾಯವನ್ನು ಜಪಾನೀ ದಂಪತಿಗಳಾದ ಇಶಿಜಾಕಾ ಅವರು ಅಮೆರಿಕದಲ್ಲಿ ಕಂಡುಹಿಡಿದದ್ದು 1966ರಲ್ಲಿ. ಇಂದಿನ ಚರ್ಮಪರೀಕ್ಷೆ ಮತ್ತು ಉಸಿರಿನ ಪರೀಕ್ಷೆ ಎರಡಕ್ಕೂ ಬ್ಲ್ಯಾಕ್ಲಿಯ ಪ್ರಯೋಗಗಳೇ ಮೂಲ.

ಚರ್ಮ ಮತ್ತು ರಕ್ತದ ಪರೀಕ್ಷೆ

ಚರ್ಮಪರೀಕ್ಷೆ ಸರಳವಾದುದು. ಮುಂಗೈಯ ಒಳಭಾಗದಲ್ಲಿ ಒಂದೊಂದು ಅಲರ್ಜಿಕಾರಕದ ಸತ್ವವನ್ನು ಒಂದೊಂದು ಹನಿಯಂತೆ ಇಟ್ಟು, ಆ ಹನಿಯ ಮೂಲಕ ಚರ್ಮವನ್ನು ಸೂಜಿಮೊನೆಯಿಂದ ಲಘುವಾಗಿ ಚುಚ್ಚುತ್ತಾರೆ. 15ರಿಂದ 20 ನಿಮಿಷಗಳ ನಂತರ ಸೊಳ್ಳೆ ಕಚ್ಚಿದಂತೆ ಎದ್ದ ಗಂಧೆಯನ್ನು ಅಳೆಯುತ್ತಾರೆ. ಜೊತೆಗೆ ಒಂದು ಹನಿ ಬರಿಯ ಉಪ್ಪುನೀರು, ಒಂದು ಹನಿ ಹಿಸ್ಟಮಿನ್ ಇರಲೇಬೇಕು. ಉಪ್ಪುನೀರಿನ ಜಾಗದಲ್ಲಿ ಗಂಧೆ ಏಳಬಾರದು, ಹಿಸ್ಟಮಿನ್ ಜಾಗದಲ್ಲಿ ಏಳಲೇಬೇಕು. ಇವೆರಡೂ ಇಲ್ಲದ ಪರೀಕ್ಷೆಗೆ ಬೆಲೆಯಿಲ್ಲ. ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡ ಗಂಧೆಯನ್ನು ಸಾಮಾನ್ಯವಾಗಿ ಧನಾತ್ಮಕವೆಂದು ಪರಿಗಣಿಸುತ್ತಾರೆ.

ನೆಗಡಿ, ತುರಿಕೆಗಳಿಗೆ ಕೊಡುವ ಸೆಟ್ರಿಜಿನ್‌ನಂಥ ಮಾತ್ರೆಗಳನ್ನು ತೆಗೆದುಕೊಂಡಿದ್ದರೆ ಗಂಧೆ ಏಳುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲು ವೈದ್ಯರ ಸಲಹೆಯಂತೆ ಅವನ್ನು ನಿಲ್ಲಿಸಬೇಕಾಗುತ್ತದೆ. ಇನ್‌ಹೇಲರನ್ನು ಈ ಪರೀಕ್ಷೆಗಾಗಿ ನಿಲ್ಲಿಸಬೇಕಾಗಿಲ್ಲ. ಅನೇಕರು ನಿಲ್ಲಿಸಿಕೊಂಡು ಬಂದು ತೊಂದರೆಗೊಳಗಾಗುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಉಬ್ಬಸ ತೀವ್ರವಾಗಿರುವಾಗ ಚರ್ಮಪರೀಕ್ಷೆ ಮಾಡಬಾರದು.

ಚರ್ಮರೋಗವಿದ್ದವರಿಗೆ, ಮಾತ್ರೆ ನಿಲ್ಲಿಸಲಾಗದವರಿಗೆ ರಕ್ತದಲ್ಲಿ ನಿರ್ದಿಷ್ಟ ಐಜಿಇ ಅಳೆಯುವ ಪರೀಕ್ಷೆಯಿದೆ, ಖರ್ಚು ಹೆಚ್ಚು. ಒಟ್ಟು ಐಜಿಇ ಎಂಬ ಇನ್ನೊಂದು ಪರೀಕ್ಷೆಯನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬಾರದು. ಹೊಟ್ಟೆಯಲ್ಲಿ ಜಂತುಹುಳುವಿದ್ದರೂ ಒಟ್ಟು ಐಜಿಇ ಏರುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವ ನಮ್ಮ ಹಳ್ಳಿಯ ಮಕ್ಕಳಲ್ಲಿ ಆ ಒಂದು ಅಂಕಿಯನ್ನು ನೋಡಿ ಅಲರ್ಜಿ ಎಂದು ತೀರ್ಮಾನಿಸುವುದು ಸರಿಯಲ್ಲ.

ಇಷ್ಟಾದ ಮೇಲೂ ಮುಖ್ಯವಾದ ಮಾತು ಉಳಿದಿದೆ. ಚರ್ಮದಲ್ಲಿ ಗಂಧೆ ಎದ್ದರೆ, ಅಥವಾ ರಕ್ತದಲ್ಲಿ ಐಜಿಇ ಕಂಡರೆ, ಶರೀರವು ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅರ್ಥ. ಅದರಿಂದಲೇ ಉಬ್ಬಸ ಬರುತ್ತಿದೆ ಎಂದು ಅರ್ಥವಲ್ಲ. ಗಂಧೆ ಏಳುವ ಎಷ್ಟೋ ಜನರಿಗೆ ಆ ಪದಾರ್ಥದಿಂದ ಸೀನು ಕೂಡ ಬರುವುದಿಲ್ಲ. ಚರ್ಮ ಸೂಕ್ಷ್ಮವಾಗಿದ್ದ ಮಾತ್ರಕ್ಕೆ ಶ್ವಾಸನಾಳವೂ ಅಷ್ಟೇ ಸೂಕ್ಷ್ಮವೆಂದು ಹೇಳಲಾಗದು. ಹೊಸದುರ್ಗದ ಆ ಮಗುವಿನ ವರದಿಯಲ್ಲಿದ್ದ ಹಾಲು ಇಂಥದೇ ಗುರುತು.

ಶ್ವಾಸನಾಳವನ್ನೇ ಪರೀಕ್ಷಿಸಬಹುದೇ?

ಪರೀಕ್ಷಿಸಬಹುದು. ಅದಕ್ಕೆ ಮೂರು ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ಸ್ಪೈರೋಮೆಟ್ರಿ. ಪೂರ್ತಿ ಉಸಿರೆಳೆದುಕೊಂಡು ಯಂತ್ರದೊಳಕ್ಕೆ ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಅಳೆಯುತ್ತಾರೆ. ಸಾಲ್ಬುಟಮಾಲ್ ಸೇದಿಸಿ 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ವಯಸ್ಕರಲ್ಲಿ ಆ ಪ್ರಮಾಣ ಶೇ. 12 ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಉಬ್ಬಸವೆನ್ನಲು ಬಲವಾದ ಆಧಾರ. ಯಾವ ಅಲರ್ಜಿ ಪರೀಕ್ಷೆಗೂ ಮೊದಲು ಆಗಬೇಕಾದದ್ದು ಇದು. ಆದರೆ ಅಲರ್ಜಿ ವರದಿಯನ್ನು ಹಿಡಿದು ಬರುವ ಹಲವರು ಇದನ್ನು ಮಾಡಿಸಿಕೊಂಡೇ ಇರುವುದಿಲ್ಲ. ಎಷ್ಟೋ ಬಾರಿ ಅವರಿಗಿರುವುದು ಉಬ್ಬಸವಲ್ಲ. ಬೀಡಿಯಿಂದಲೋ ಒಲೆಯ ಹೊಗೆಯಿಂದಲೋ ಬಂದ ಬೇರೆ ಶ್ವಾಸಕೋಶ ರೋಗ.

ಎರಡನೆಯದು ಸಾಮಾನ್ಯ ಸೂಕ್ಷ್ಮತೆಯ ಪರೀಕ್ಷೆ. ಮೆಥಾಕೋಲಿನ್ ಎಂಬ ಔಷಧದ ಮಂಜನ್ನು ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ ಸೇದಿಸುತ್ತಾರೆ. ಪ್ರತಿ ಹಂತದಲ್ಲಿಯೂ ಊದಿಸಿ ನೋಡುತ್ತಾರೆ. ಊದುವ ಪ್ರಮಾಣ ಶೇ. 20ರಷ್ಟು ಕುಸಿದಾಗ ನಿಲ್ಲಿಸಿ, ನಾಳ ಹಿಗ್ಗಿಸುವ ಔಷಧ ಕೊಡುತ್ತಾರೆ. ಎಷ್ಟು ಕಡಿಮೆ ಪ್ರಮಾಣದಲ್ಲಿ ಕುಸಿಯಿತೋ ಅಷ್ಟು ಸೂಕ್ಷ್ಮ ಶ್ವಾಸನಾಳ. ಸ್ಪೈರೋಮೆಟ್ರಿಯಲ್ಲಿ ಸ್ಪಷ್ಟವಾಗದ ಸಂದೇಹಗಳನ್ನು ಇದು ಪರಿಹರಿಸುತ್ತದೆ. ಯಾವ ಪದಾರ್ಥ ಒಗ್ಗದು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಮೂರನೆಯದು ಅಲರ್ಜಿಕಾರಕವನ್ನೇ ಸೇದಿಸುವ ಪರೀಕ್ಷೆ. ನುಸಿ, ಪರಾಗ, ಬೆಕ್ಕಿನ ಹೊಟ್ಟು ಮುಂತಾದ ಯಾವುದಾದರೂ ಒಂದರ ಶುದ್ಧೀಕರಿಸಿದ, ಪ್ರಮಾಣೀಕರಿಸಿದ ಸತ್ವವನ್ನು ಅತ್ಯಂತ ತೆಳುವಾಗಿಸಿ ಮಂಜಿನ ರೂಪದಲ್ಲಿ ಕೊಡುತ್ತಾರೆ. ಯಾವ ಸಾಂದ್ರತೆಯಿಂದ ಆರಂಭಿಸಬೇಕೆಂಬುದನ್ನು ಚರ್ಮಪರೀಕ್ಷೆ ಮತ್ತು ಮೆಥಾಕೋಲಿನ್ ಪರೀಕ್ಷೆಗಳ ಫಲಿತಾಂಶದಿಂದ ಲೆಕ್ಕ ಹಾಕುತ್ತಾರೆ. ಪ್ರತಿ ಹಂತದ ಸುಮಾರು 10 ನಿಮಿಷದ ನಂತರ ಊದಿಸಿ, ಶೇ. 20ರ ಕುಸಿತಕ್ಕೆ ನಿಲ್ಲಿಸುತ್ತಾರೆ. ಈ ಪದಾರ್ಥ ಈ ರೋಗಿಯ ಶ್ವಾಸನಾಳವನ್ನು ಬಿಗಿಸುತ್ತದೆಯೇ ಎಂಬ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಇದೊಂದೇ.

ಹಾಗಿದ್ದರೆ ಎಲ್ಲರಿಗೂ ಇದನ್ನೇ ಏಕೆ ಮಾಡಬಾರದು? ಇದರ ಪರಿಣಾಮ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ಬಿಗಿತ ಅರ್ಧ ಗಂಟೆಯೊಳಗೆ ಬಂದು ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ. ರೋಗಿ ಆರಾಮವಾಗಿ ಕಾಣುತ್ತಾನೆ. ಆದರೆ ಸುಮಾರು ಅರ್ಧದಷ್ಟು ಜನರಲ್ಲಿ 3 ಗಂಟೆಗಳ ನಂತರ ಎರಡನೆಯ ಬಿಗಿತ ನಿಧಾನವಾಗಿ ಆರಂಭವಾಗಿ, 6ರಿಂದ 8 ಗಂಟೆಯ ಹೊತ್ತಿಗೆ ಮೊದಲಿನದಕ್ಕಿಂತಲೂ ಬಿರುಸಾಗಬಹುದು. ಇದಕ್ಕೆ ವಿಳಂಬ ಪ್ರತಿಕ್ರಿಯೆ ಎನ್ನುತ್ತಾರೆ. ಅದು ಕಳೆದ ಮೇಲೂ ನಾಳವು ಹಲವು ದಿನಗಳವರೆಗೆ ಹೆಚ್ಚು ಸೂಕ್ಷ್ಮವಾಗಿಯೇ ಉಳಿಯುತ್ತದೆ. ಹೀಗಾಗಿ ಈ ಪರೀಕ್ಷೆಯನ್ನು ಉಬ್ಬಸ ಹತೋಟಿಯಲ್ಲಿರುವವರಿಗೆ ಮಾತ್ರ, ಆಮ್ಲಜನಕ ಮತ್ತು ತುರ್ತುಚಿಕಿತ್ಸೆ ಕೈಗೆಟುಕುವಂತಿರುವ ಆಸ್ಪತ್ರೆಯಲ್ಲಿ, ಇಡೀ ದಿನ ನಿಗಾವಹಿಸಿ ಮಾಡಬೇಕು. ಜಗತ್ತಿನಾದ್ಯಂತ ಇದರ ಬಳಕೆ ಮುಖ್ಯವಾಗಿ ಸಂಶೋಧನೆಗೆ, ಹೊಸ ಔಷಧಗಳ ಪರಿಶೀಲನೆಗೆ ಮತ್ತು ಉದ್ಯೋಗದಿಂದ ಬಂದ ಉಬ್ಬಸದ ಕ್ಲಿಷ್ಟ ಪ್ರಕರಣಗಳಿಗೆ ಸೀಮಿತ. ಸಾಮಾನ್ಯ ರೋಗಿಗೆ ಇದರ ಅಗತ್ಯವಿಲ್ಲ.

ಮನೆಯಲ್ಲಿಯೇ ಇದನ್ನು ಮಾಡಿ ನೋಡುವ ಸಾಹಸ ಎಂದಿಗೂ ಬೇಡ. "ನೋಡೇ ಬಿಡೋಣ" ಎಂದು ಪಾರ್ಥೇನಿಯಂ ಹೂವನ್ನು ಉಜ್ಜಿ ಮೂಸಿದವರನ್ನು ನಾನು ಬಲ್ಲೆ. ಬ್ಲ್ಯಾಕ್ಲಿ ಬದುಕಿಕೊಂಡರು ಎಂಬುದು ಎಲ್ಲರಿಗೂ ಧೈರ್ಯವಾಗಬೇಕಿಲ್ಲ.

ಹಗಲು ಕಣದಲ್ಲಿ, ರಾತ್ರಿ ಉಬ್ಬಸ

ವಿಳಂಬ ಪ್ರತಿಕ್ರಿಯೆಯ ಈ ತಿಳಿವಳಿಕೆ ನಮ್ಮ ರೈತಬಂಧುಗಳಿಗೆ ಬಹಳ ಉಪಯುಕ್ತ. ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ರಾತ್ರಿ ಹತ್ತು ಗಂಟೆಗೆ ದಮ್ಮು ಕಟ್ಟುತ್ತದೆಂದು ಬಂದಿದ್ದರು. ರಾತ್ರಿ ಬರುವ ಉಬ್ಬಸಕ್ಕೆ ರಾತ್ರಿಯ ಊಟವೇ ಕಾರಣವೆಂದು ಮೊಸರು, ಬಾಳೆಹಣ್ಣು, ಕೊನೆಗೆ ಅನ್ನವನ್ನೂ ಬಿಟ್ಟಿದ್ದರು. ಮಧ್ಯಾಹ್ನದ ಒಣಸಿಪ್ಪೆಯ ಧೂಳು ರಾತ್ರಿ ಹತ್ತಕ್ಕೆ ಕಾಡಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ. ಆದ್ದರಿಂದ ಉಬ್ಬಸ ಬಂದಾಗ ಆಗ ಏನು ಮಾಡುತ್ತಿದ್ದೆ ಎಂದು ಮಾತ್ರವಲ್ಲ, ಆರೆಂಟು ಗಂಟೆಗಳ ಹಿಂದೆ ಎಲ್ಲಿದ್ದೆ, ಯಾವ ಧೂಳಿನಲ್ಲಿದ್ದೆ ಎಂದೂ ಕೇಳಿಕೊಳ್ಳಬೇಕು.

ಇದನ್ನು ಅಳತೆಯಿಂದಲೂ ತಿಳಿಯಬಹುದು. ಪೀಕ್ ಫ್ಲೋ ಮೀಟರ್ ಎಂಬ ಅಂಗೈ ಗಾತ್ರದ ಕೊಳವೆ ಔಷಧದಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ನಿಂತು, ಪೂರ್ತಿ ಉಸಿರೆಳೆದು, ಒಮ್ಮೆಲೇ ಬಲವಾಗಿ ಊದಬೇಕು. ಮೂರು ಸಲ ಊದಿ ಅತಿ ಹೆಚ್ಚಿನ ಅಂಕಿಯನ್ನು ಬರೆದಿಡಬೇಕು. ಆ ತಾಯಿಗೆ ದಿನಕ್ಕೆ ನಾಲ್ಕು ಬಾರಿ, ಕೆಲಸಕ್ಕೆ ಹೋದ ಎರಡು ವಾರ ಮತ್ತು ಮಗಳ ಊರಿಗೆ ಹೋಗಿ ಉಳಿದ ಒಂದು ವಾರ, ಹೀಗೆ ಬರೆಯಲು ಹೇಳಿದೆ. ಮೊಮ್ಮಗಳು ಬರೆದುಕೊಟ್ಟಳು. ಕೆಲಸದ ದಿನಗಳ ಸಂಜೆ ಮತ್ತು ರಾತ್ರಿಯ ಅಂಕಿಗಳು ಕುಸಿದಿದ್ದವು, ಮಗಳ ಊರಿನಲ್ಲಿ ಸಮವಾಗಿದ್ದವು. ಅನಂತರ ಮಾಡಿದ ಚರ್ಮಪರೀಕ್ಷೆಯಲ್ಲಿ ಬೂಷ್ಟಿಗೆ ದೊಡ್ಡ ಗಂಧೆ ಎದ್ದಿತು. ಜೀವನದ ಪ್ರಶ್ನೆ, ಕಾಯಕ ಬಿಡುವಂತಿರಲಿಲ್ಲ. ಸುಲಿಯುವ ಜಾಗ ಬದಲಾಯಿತು, ಮೂಗಿಗೆ ಸರಿಯಾದ ಮುಖಗವಸು ಬಂತು, ಇನ್‌ಹೇಲರ್ ನಿಯಮಿತವಾಯಿತು. ಅನ್ನ ಮೊಸರು ತಟ್ಟೆಗೆ ಮರಳಿದವು. ರೋಗಿ ಹೇಳುವ ವೃತ್ತಾಂತ, ಅಳತೆಯ ಪುಸ್ತಕ, ಚರ್ಮಪರೀಕ್ಷೆ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಕಾರಣ ಸಿಕ್ಕಿತೆನ್ನಬಹುದು.

ನಮ್ಮ ಸೀಮೆಯ ಗಾಳಿಯಲ್ಲಿ ಏನಿದೆ?

ಎಲ್ಲಕ್ಕಿಂತ ಮೊದಲು ನೆನಪಾಗುವುದು ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿತು. ಇದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕಳೆ ಮಾತ್ರ ಇಂದಿಗೂ ನಮ್ಮ ಬದುಗಳಲ್ಲಿದೆ. ಇದು ಎರಡು ರೀತಿಯಲ್ಲಿ ಕಾಡುತ್ತದೆ. ಎಲೆ ಕಾಂಡಗಳ ರಸದಿಂದ ಕೈ, ಕುತ್ತಿಗೆ, ಮುಖಗಳಲ್ಲಿ ಏಳುವ ಇಸುಬಿನಂಥ ಚರ್ಮರೋಗ ಒಂದು. ಪರಾಗದಿಂದ ಬರುವ ಸೀನು, ನೆಗಡಿ, ಉಬ್ಬಸ ಇನ್ನೊಂದು. ಮೊದಲನೆಯದು ಐಜಿಇಯಿಂದ ಆಗುವುದಲ್ಲ. ಅದರ ಪರೀಕ್ಷೆಗೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುತ್ತಾರೆ. ಎರಡನೆಯದಕ್ಕೆ ಚುಚ್ಚುಪರೀಕ್ಷೆ. ಒಂದರ ಫಲಿತಾಂಶದಿಂದ ಇನ್ನೊಂದನ್ನು ಹೇಳಲಾಗದು.

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳೂ ಇದೇ ಕುಟುಂಬದ ಸಸ್ಯಗಳು. ಆದುದರಿಂದ ಪಾರ್ಥೇನಿಯಂ ಒಗ್ಗದ ಕೆಲವರಿಗೆ ಹಿರಿಯೂರು ಕಡೆಯ ಸೂರ್ಯಕಾಂತಿ ಹೊಲದಲ್ಲಿ, ಅಥವಾ ಸೇವಂತಿಗೆಯನ್ನು ರಾಶಿ ಹಾಕಿಕೊಂಡು ಕಟ್ಟುವಾಗ ಸೀನು ಹತ್ತಬಹುದು. ಎಲ್ಲರಿಗೂ ಅಲ್ಲ. ಪೂಜೆಗೆ ಇಟ್ಟ ನಾಲ್ಕು ಹೂಗಳಿಗೆ ಅಂಜಬೇಕಾಗಿಲ್ಲ. ಕಟ್ಟುವ ಕಾಯಕವನ್ನು ಬೇರೆಯವರು ವಹಿಸಿಕೊಂಡರೆ ಸಾಕು.

ಹಿರಿಯೂರಿನ ಬಯಲಿನಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ಪರಾಗವೂ ಅಲರ್ಜಿಕಾರಕವೆಂದು ಪ್ರಸಿದ್ಧ. ಪರಾಗಕಣಗಳು ದೊಡ್ಡವಾದ್ದರಿಂದ ಬಹುಪಾಲು ಮೂಗಿನಲ್ಲಿಯೇ ತಡೆಯಲ್ಪಡುತ್ತವೆ. ಆದರೆ ಬಿರುಗಾಳಿ ಗುಡುಗು ಮಳೆಯ ಹೊತ್ತಿನಲ್ಲಿ ಕೆಲವು ಜಾತಿಯ ಪರಾಗಗಳು ಒಡೆದು ಸೂಕ್ಷ್ಮ ಚೂರುಗಳಾಗಿ ಎದೆಯ ಆಳಕ್ಕೆ ಇಳಿಯುತ್ತವೆ. 2016ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ ಒಂದೇ ಸಂಜೆಯ ಗುಡುಗುಮಳೆಯ ನಂತರ ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗಳಿಗೆ ಧಾವಿಸಿದರು, 10 ಮಂದಿ ಮೃತರಾದರು. ಅಲ್ಲಿ ಕಾರಣವಾದದ್ದು ಹುಲ್ಲಿನ ಪರಾಗ. ಮೊದಲ ಮಳೆಯ ಗಾಳಿ ಏಳುವಾಗ ಉಬ್ಬಸದವರು ಕಿಟಕಿ ಮುಚ್ಚಿ ಒಳಗಿರುವುದು ಒಳ್ಳೆಯದು.

ಮನೆಯ ಒಳಗಿನದು ಧೂಳಿನ ನುಸಿ ಮತ್ತು ಜಿರಳೆ. ನುಸಿ ಎಂದರೆ ತೆಂಗಿನ ನುಸಿಯನ್ನು ಕಂಡ ಹೊಸದುರ್ಗ, ಹಿರಿಯೂರಿನವರಿಗೆ ವಿವರಿಸಬೇಕಿಲ್ಲ. ಇದು ಅದರ ದೂರದ ನೆಂಟ. ಕಣ್ಣಿಗೆ ಕಾಣದು, ಕಚ್ಚದು, ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು ಹಾಸಿಗೆ, ದಿಂಬು, ಕೌದಿ, ಕಂಬಳಿಗಳಲ್ಲಿ ವಾಸಿಸುತ್ತದೆ. ಅದರ ಹಿಕ್ಕೆಯೇ ಅಲರ್ಜಿಕಾರಕ. ತೇವದಲ್ಲಿ ಹೆಚ್ಚುತ್ತದೆ, ಬಿಸಿಲಿನ ಒಣಗಿಗೆ ತಗ್ಗುತ್ತದೆ. ವಾರಕ್ಕೊಮ್ಮೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿಯನ್ನು ಬಿಡಬಾರದು.

ಪೂಜಾಗೃಹದ ಧೂಪ, ಊದುಬತ್ತಿಗಳ ಹೊಗೆ ಅಲರ್ಜಿಯಲ್ಲ, ಉದ್ರೇಕ. ಉಬ್ಬಸವಿರುವ ಮನೆಯಲ್ಲಿ ಹೊಗೆಯನ್ನು ತ್ಯಜಿಸಬೇಕೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಇಷ್ಟಲಿಂಗಪೂಜೆಗೆ ಅದರಿಂದ ಯಾವ ಲೋಪವೂ ಇಲ್ಲ. ವಿಭೂತಿಯನ್ನು ಒಣಪುಡಿಯಾಗಿ ಬಳಸದೆ ನೀರಿನಲ್ಲಿ ಕಲಸಿ ಧರಿಸುವುದು ಕ್ಷೇಮ.

ಬೆಂಗಳೂರಿನ ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಪರಿಶೀಲಿಸಿ, ಉಬ್ಬಸದ ಪ್ರಮಾಣವು 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತೆಂದು ಪ್ರಕಟಿಸಿದ್ದಾರೆ. ಅದು ನಗರದ ಲೆಕ್ಕ. ಆದರೆ ಹೆದ್ದಾರಿಯ ಪಕ್ಕದಲ್ಲಿರುವ ನಮ್ಮ ಊರುಗಳೂ ಈಗ ನಗರದ ಗಾಳಿಯನ್ನೇ ಕುಡಿಯುತ್ತಿವೆ.

ಪರೀಕ್ಷೆ ಯಾರಿಗೆ, ಎಲ್ಲಿ?

ಇನ್‌ಹೇಲರ್ ಸರಿಯಾಗಿ ಬಳಸಿಯೂ ಹತೋಟಿಗೆ ಬಾರದ ಉಬ್ಬಸ, ಋತುವಿಗೆ ಅಥವಾ ಜಾಗಕ್ಕೆ ಸ್ಪಷ್ಟವಾಗಿ ಅಂಟಿಕೊಂಡ ಉಬ್ಬಸ, ಉದ್ಯೋಗದ ಸಂಶಯ, ಮತ್ತು ಅಲರ್ಜಿಗೆ ಒಗ್ಗಿಸುವ ಚಿಕಿತ್ಸೆಯ ಯೋಚನೆ ಇದ್ದಾಗ ಚರ್ಮಪರೀಕ್ಷೆ ಸಾರ್ಥಕ. ಒಗ್ಗಿಸುವ ಚಿಕಿತ್ಸೆಯೆಂದರೆ ಅದೇ ಅಲರ್ಜಿಕಾರಕವನ್ನು ಚುಚ್ಚುಮದ್ದಾಗಿ ಅಥವಾ ನಾಲಗೆಯಡಿಯ ಹನಿಯಾಗಿ 3ರಿಂದ 5 ವರ್ಷ ಕೊಡುವುದು. ಕಾರಣ ತಪ್ಪಾಗಿ ಗುರುತಿಸಿದ್ದರೆ ಆ ವರ್ಷಗಳೂ ಹಣವೂ ವ್ಯರ್ಥ. ಉಬ್ಬಸ ಹತೋಟಿಯಲ್ಲಿಲ್ಲದವರಿಗೆ ಅದನ್ನು ಆರಂಭಿಸಲೂಬಾರದು.

ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜು, ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜುಗಳ ಶ್ವಾಸಕೋಶ ವಿಭಾಗಗಳಲ್ಲಿ, ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ವಿಚಾರಿಸಬಹುದು. ಸುತ್ತೂರು ಶ್ರೀಮಠದ ಆಶ್ರಯದಲ್ಲಿ 1984ರಲ್ಲಿ ಆರಂಭವಾದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನಲ್ಲಿ ಉಬ್ಬಸ ಮತ್ತು ಅಲರ್ಜಿಗಳ ಕುರಿತು ಗಣನೀಯ ಸಂಶೋಧನೆ ನಡೆದಿದೆ. ಕೂದಲು ಕಳುಹಿಸಿದರೆ ಅಲರ್ಜಿ ಹೇಳುತ್ತೇವೆ, ಅಂಗೈಗೆ ತಂತಿ ತಗುಲಿಸಿ ಇನ್ನೂರು ಪದಾರ್ಥ ಪರೀಕ್ಷಿಸುತ್ತೇವೆ ಎಂಬ ಶಿಬಿರಗಳಿಂದ ದೂರವಿರಬೇಕು. ಚೀಟಿಯಿಲ್ಲದ ಪೊಟ್ಟಣದ "ದಮ್ಮಿನ ಪುಡಿ"ಗಳಿಂದಲೂ ಅಷ್ಟೇ ದೂರ. ಒಂದೇ ದಿನದಲ್ಲಿ ಪವಾಡದಂತೆ ಗುಣ ತೋರುವ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಂಭವವಿದೆ. ಆಯುರ್ವೇದದ ಹೆಸರಿನಲ್ಲಿ ಮಾರಾಟವಾದ ಮಾತ್ರಕ್ಕೆ ಅದು ಆಯುರ್ವೇದವಲ್ಲ.

ನಾನು ಆಯುರ್ವೇದ ವೈದ್ಯನಾಗಿಯೂ ಇನ್‌ಹೇಲರ್ ಬಿಡಬೇಡಿ ಎನ್ನುವುದನ್ನು ಕೇಳಿ ಕೆಲವರು ಅಚ್ಚರಿಪಡುತ್ತಾರೆ. ಪಥ್ಯ, ಪ್ರಾಣಾಯಾಮ, ನಮ್ಮ ಔಷಧಗಳು ಅದರ ಜೊತೆಗೆ ನಡೆಯಲಿ. ಅದರ ಬದಲಿಗೆ ಬೇಡ. ಸೇದುವ ಸ್ಟೆರಾಯ್ಡಿನ ಪ್ರಮಾಣ ಮೈಕ್ರೋಗ್ರಾಂಗಳಲ್ಲಿರುತ್ತದೆ. ಪೊಟ್ಟಣದ ಪುಡಿಯಲ್ಲಿ ಬೆರೆತದ್ದು ಎಷ್ಟೆಂದು ಯಾರೂ ಅಳೆದು ಕೊಡುವುದಿಲ್ಲ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ಉಗುರುಗಳು ನೀಲಿಯಾಗುವುದು, ಸುಯ್ ಸದ್ದು ತಟ್ಟನೆ ನಿಂತು ರೋಗಿ ಮಂಕಾಗುವುದು ಇವು ಅಪಾಯದ ಚಿಹ್ನೆಗಳು. ಆಗ 108ಕ್ಕೆ ಕರೆ ಮಾಡಬೇಕು, ಮನೆಮದ್ದಿಗೆ ಕಾಯಬಾರದು.

ಪರೀಕ್ಷೆಗೆ ಹೊರಡುವವರು ಒಂದು ತಿಂಗಳಿನಿಂದ ಬರೆದಿಟ್ಟ ಪುಸ್ತಕವನ್ನು ಒಯ್ಯಿರಿ: ಯಾವ ದಿನ, ಯಾವ ಹೊತ್ತಿಗೆ ಉಬ್ಬಸ ಬಂತು, ಅದಕ್ಕೆ ಮುಂಚಿನ ಎಂಟು ಗಂಟೆ ಎಲ್ಲಿದ್ದಿರಿ, ಗಾಳಿ ಮಳೆ ಹೇಗಿತ್ತು. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳನ್ನೂ, ರಕ್ತದೊತ್ತಡದ ಮಾತ್ರೆಗಳನ್ನೂ ಸೇರಿಸಿ, ಚೀಲದಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ. ಅಂದು ಬೆಳಿಗ್ಗೆ ಸೀನು ಉಬ್ಬಸ ಜೋರಾಗಿದ್ದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿಕೊಳ್ಳಿರಿ. ವರದಿ ಕೈಗೆ ಬಂದಾಗ ಪಟ್ಟಿಯ ಒಂದೊಂದು ಪದಾರ್ಥದ ಮೇಲೂ ಬೆರಳಿಟ್ಟು, "ಇದರಿಂದ ನನಗೆ ನಿಜವಾಗಿ ತೊಂದರೆಯಾಗುತ್ತಿದೆಯೇ?" ಎಂದು ಅಲ್ಲಿಯೇ ಕೇಳಿ ತಿಳಿದುಕೊಂಡು ಬನ್ನಿರಿ.